ಸ್ಟಾಪ್ ವೈರ್

ಬೆಳಿಗ್ಗೆ ಆರೂವರೆಗೆ ಬುಕ್ಕಸಾಗರದ ಹೊಳೆದಂಡೆಯಲ್ಲಿ ಪಂಪೇಶನ ದೋಣಿಯ ಮೋಟರ್ ಶುರುವಾಗಲಿಲ್ಲ. ಹಗ್ಗ ಎಳೆದ. ಚಕ್ರ ತಿರುಗಿತು, ಆದರೆ ಎಂಜಿನ್ನು ಒಂದು ಸಲ ಕೆಮ್ಮಲೂ ಇಲ್ಲ. ಮತ್ತೆ ಎಳೆದ. ಭುಜ ಸೋಲುವವರೆಗೆ ಎಳೆದು, ಕೊನೆಗೆ ಹಗ್ಗ ಬಿಟ್ಟು, ಮೋಟರಿನ ತಲೆಯ ಮೇಲಿನ ಮುಚ್ಚಳ ಕಳಚಿ ಹಲಗೆಯ ಮೇಲಿಟ್ಟ.

ಹಿಂದಿನ ಸಂಜೆ ಇದೇ ಮೋಟರ್ ಎರಡನೇ ಎಳೆತಕ್ಕೆ ಹತ್ತಿಕೊಂಡಿತ್ತು. ನಡುಗಡ್ಡೆಯ ತನಕ ಹೋಗಿ ಬಂದು, ಟ್ಯಾಂಕ್ ತುಂಬಿಸಿಯೇ ಅವನು ಮನೆಗೆ ಹೋಗಿದ್ದ. ರಾತ್ರಿ ದೋಣಿಯಲ್ಲಿ ಕಾವಲು ಮಲಗಿದ್ದವನು ಅವನ ಸೋದರಮಾವ ಎರ್ರೆಪ್ಪ.

ಅದು ಜನವರಿ ತಿಂಗಳು, ಎರಡನೇ ಬೆಳೆಯ ನಾಟಿ ಶುರುವಾಗುವ ದಿನ. ಹೊಳೆಯ ನಡುವಿನ ಗಡ್ಡೆಯಲ್ಲಿ ಊರಿನ ಹಲವರ ಗದ್ದೆಗಳಿವೆ. ಹೊಳೆಗೆ ಸೇತುವೆ ಬಂದಿದ್ದರೂ ಅದು ಆ ದಂಡೆಗೆ ಹೋಗುತ್ತದೆಯೇ ಹೊರತು ಗಡ್ಡೆಗಲ್ಲ. ಗಡ್ಡೆಗೆ ದೋಣಿಯೇ ಗತಿ. ನಾಟಿ ಆಳುಗಳ ಮೇಸ್ತ್ರಿ ಸಂಗಮ್ಮ. ಮೊದಲ ದಿನ ಅವಳು ಯಾವ ದೋಣಿಯ ಮೂತಿಗೆ ಅರಿಸಿನ ಹಚ್ಚಿ ಬಲಗಾಲು ಇಡುತ್ತಾಳೋ, ಕೊನೆಯ ಸಸಿ ಊರುವ ತನಕ ಆಳುಗಳೆಲ್ಲ ಅದೇ ದೋಣಿಯಲ್ಲಿ ಹೋಗಿಬರಬೇಕು. ನಡುವೆ ದೋಣಿ ಬದಲಿಸಿದರೆ ಪೈರಿಗೆ ಬೇರು ಹಿಡಿಯುವುದಿಲ್ಲ ಎಂಬುದು ಅವರ ಅತ್ತೆಯರ ಕಾಲದಿಂದ ಬಂದ ನಂಬಿಕೆ. ದೋಣಿ ಕೆಟ್ಟರೆ ರಿಪೇರಿ ಆಗುವ ತನಕ ನಾಟಿಯೇ ನಿಲ್ಲುತ್ತಿತ್ತು, ದೋಣಿ ಮಾತ್ರ ಬದಲಾಗುತ್ತಿರಲಿಲ್ಲ.

ಕಳೆದ ಎರಡು ವರ್ಷ ಸಂಗಮ್ಮನ ಕಾಲು ಪಂಪೇಶನ ದೋಣಿಗೆ ಬಿದ್ದಿತ್ತು. ಈ ವರ್ಷ ಊರಿನ ಇನ್ನೊಬ್ಬ ದೋಣಿಗಾರ ಜಂಬುನಾಥ ಹೊಸ ಫೈಬರ್ ದೋಣಿ, ಹೊಸ ಮೋಟರ್ ತಂದಿದ್ದ. ವಾರದ ಹಿಂದೆ ಸಂಗಮ್ಮ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದಳು: "ಹಳೇ ದೋಣಿ ತಯಾರಿದ್ರ ಹಳೇ ದೋಣಿನ. ಎಂಟಕ್ಕ ನಾ ಕಾಲಿಡ್ತೀನಿ. ಸಸಿ ಕಿತ್ತ ಮ್ಯಾಲ ನಾ ಯಾರಿಗೂ ಕಾಯಂಗಿಲ್ಲ. ಬಾಡ್ತಾವು."

ಪಂಪೇಶನಿಗೆ ಆ ಒಂದು ಹೆಜ್ಜೆ ಬೇಕಿತ್ತು. ಹಂಪಿಯಲ್ಲಿ ಪ್ರವಾಸಿಗರನ್ನು ತೆಪ್ಪದಲ್ಲಿ ಸುತ್ತಿಸುವ ಕೆಲಸ ಅವನಿಗೆ ಒಗ್ಗಿರಲಿಲ್ಲ. ಅಲ್ಲಿ ನಿಂತು ಜನರನ್ನು ಕರೆಯಬೇಕು, ನಗಬೇಕು, ಫೋಟೊ ತೆಗೆಯಬೇಕು. ಊರಿನ ಅರ್ಧ ಹುಡುಗರು ದೋಣಿಮಲೈ, ಯಶವಂತನಗರದ ಕಡೆ ಗಣಿಗಳ ಕೆಂಪು ಧೂಳಿಗೆ ಹೋಗಿದ್ದರು. ಹೊಳೆಯ ಮೇಲೆ ಉಳಿಯಬೇಕೆಂದರೆ ನಾಟಿಯ ಆಳು ಬೇಕು. ನಾಟಿಯ ದೋಣಿ ಯಾರದೋ, ಆಮೇಲೆ ಕಳೆಯೂ ಗೊಬ್ಬರವೂ ಕೊಯ್ಲೂ ಅವರದೇ.

"ಪೆಟ್ರೋಲ್ ಬರ್ತೈತೋ ಇಲ್ಲೋ ನೋಡಲೇ ಮೊದ್ಲು," ಎಂದ ಎರ್ರೆಪ್ಪ. ಅವನು ದೋಣಿಯ ಮೂತಿಯಲ್ಲಿ ಮೊಣಕಾಲು ಮಡಚಿ ಕುಳಿತು ಬೀಡಿ ಸೇದುತ್ತಿದ್ದ.

ಪಂಪೇಶ ಪ್ಲಗ್ ಬಿಚ್ಚಿ ಮೂಸಿದ. "ಬರ್ತೈತಿ ಮಾವ. ಪ್ಲಗ್ ತೊಯ್ದು ತೊಪ್ಪಿ ಆಗೈತಿ. ಪೆಟ್ರೋಲ್ ಐತಿ, ಬೆಂಕಿ ಇಲ್ಲ. ಬೀಡಿ ಆರ್ಸು, ಬಂದು ನೆರಳು ಹಿಡಿ."

ಬಿಚ್ಚಿದ ಪ್ಲಗ್ಗನ್ನು ಒರೆಸಿ ಅದರ ಟೊಪ್ಪಿಗೆಗೆ ಸಿಕ್ಕಿಸಿ, ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿದ. ಆಗ ಹಗ್ಗ ಎಳೆದರೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆನ್ನಬೇಕು. ಬಿಸಿಲಲ್ಲಿ ಅದು ಕಾಣುವುದಿಲ್ಲವೆಂದು ಎರ್ರೆಪ್ಪ ತನ್ನ ಟವಲನ್ನು ಡೇರೆಯಂತೆ ಹಿಡಿದ. ಇಬ್ಬರ ತಲೆಗಳೂ ಟವಲಿನೊಳಗೆ ಸೇರಿದವು. ಪಂಪೇಶ ಎಳೆದ. ಕಿಡಿ ಬರಲಿಲ್ಲ. ಡಬ್ಬಿಯಲ್ಲಿದ್ದ ಹೊಸ ಪ್ಲಗ್ ಹಾಕಿ ಎಳೆದ. ಅದರಲ್ಲೂ ಇಲ್ಲ. ಟೊಪ್ಪಿಗೆಯನ್ನೇ ತೆಗೆದು ಬರೀ ತಂತಿಯ ತುದಿಯನ್ನು ಎಂಜಿನ್ನಿನ ಹತ್ತಿರ ಹಿಡಿದು ನೋಡಿದ್ದಾಯಿತು. ಕತ್ತಲೆ.

"ಕರೆಂಟೇ ಬರವಲ್ದು," ಎಂದ ಪಂಪೇಶ. "ವೈರ್ ನೀ ನೋಡು. ಸ್ಟಾಪ್ ವೈರ್ ಮರೀಬ್ಯಾಡ."

ಈ ಮೋಟರ್ ಬಂದ ದಿನದಿಂದ ಅವರಲ್ಲಿ ಹಾಗೆಯೇ ಪಾಲು. ಹೊಸಪೇಟೆಯ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವ ಪಕ್ಕೀರಪ್ಪನಿಂದ ಕೊಂಡು ತಂದು, ಮನೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಮಾವ-ಅಳಿಯ ಇಬ್ಬರೂ ಅದನ್ನು ಬಿಚ್ಚಿ ಜೋಡಿಸಿ ಕಲಿತಿದ್ದರು. ಪಂಪೇಶನದು ದಪ್ಪ ಬೆರಳು. ಪ್ಲಗ್ಗು, ಪಾಯಿಂಟು, ನಟ್ಟು-ಬೋಲ್ಟು ಅವನವು. ಎರ್ರೆಪ್ಪನವು ಉದ್ದನೆಯ ಸಪೂರ ಬೆರಳು, ಹೆಣ್ಣಾಳು ಬೆರಳು ಎಂದು ಊರವರು ನಗುತ್ತಿದ್ದ ಬೆರಳು. ತಂತಿಗಳು ಅವನ ಪಾಲು. ಬಿದಿರಿನ ತೆಪ್ಪ ಹೆಣೆದ ಕೈ ಅದು. ಒಂದು ತಂತಿ ಜೋತುಬಿದ್ದರೂ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಡಾಂಬರು ಸವರಿದ ನೂಲಿನಿಂದ ಕಟ್ಟಿ, ಗಂಟಿನ ಬಾಲವನ್ನು ಗಂಟಿನ ಒಳಕ್ಕೇ ತೂರಿಸಿಬಿಡುತ್ತಿದ್ದ. ಬಾಲ ಹೊರಗಿದ್ದರೆ ನೀರು ಹೀರುತ್ತದೆ, ನೀರು ಹೀರಿದರೆ ನೂಲು ಕೊಳೆಯುತ್ತದೆ ಎನ್ನುತ್ತಿದ್ದ. ಆ ಗಂಟು ಪಂಪೇಶನಿಗೆ ಎಷ್ಟು ಕಲಿಸಿದರೂ ಬಂದಿರಲಿಲ್ಲ. ಊರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಸ್ಟಾಪ್ ವೈರಿನ ಕೆಲಸ ಸರಳ. ಮೋಟರಿನ ಮುಂದೆ ಒಂದು ಕೆಂಪು ಬಟನ್ ಇದೆ. ಅದನ್ನು ಒತ್ತಿದರೆ ಆ ತಂತಿ ಎಂಜಿನ್ನಿನ ಮೈಗೆ ತಾಗುತ್ತದೆ, ಕಿಡಿಗೆ ಹೋಗಬೇಕಾದ ಕರೆಂಟು ಮೈಗೆ ಇಳಿದುಹೋಗಿ ಎಂಜಿನ್ನು ನಿಲ್ಲುತ್ತದೆ. ಬಟನ್ ಒತ್ತದೆಯೂ ಆ ತಂತಿ ಎಲ್ಲಾದರೂ ಮೈಗೆ ತಾಗಿಕೊಂಡೇ ಇದ್ದರೆ, ಮೋಟರ್ ಶುರುವಾಗುವುದೇ ಇಲ್ಲ.

ಎರ್ರೆಪ್ಪ ಕಾರ್ಬುರೇಟರಿನ ಹಿಂದೆ ಕೈ ತೂರಿಸಿದ. ಅಲ್ಲಿಗೆ ಕೈ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ಅವನು ಹೊಳೆಯ ಕಡೆ ನೋಡುತ್ತ ಬೆರಳಾಡಿಸಿದ.

"ನೋಡೀನಿ," ಎಂದ. "ಛಲೋ ಐತಿ. ಎಲ್ಲೂ ತಾಗಿಲ್ಲ."

ಮಾವ 'ನೋಡೀನಿ' ಎಂದರೆ ನೋಡಿದ ಹಾಗೆಯೇ. ಪಂಪೇಶ ಆ ಬಾಬತ್ತನ್ನು ಅಲ್ಲಿಗೆ ಬಿಟ್ಟು, ಕಿಡಿಯ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟಿನ ಕಡೆ ತಿರುಗಿದ. ಮೇಲಿನ ಚಕ್ರದಲ್ಲಿ ಒಂದು ಕಿಂಡಿ ಇದೆ. ಅದರೊಳಗಿಂದ ಪಾಲಿಶ್ ಪೇಪರಿನ ಚೂರು ತೂರಿಸಿ ಪಾಯಿಂಟ್ ಉಜ್ಜಿದ. ಎರಡು ಪಾಯಿಂಟುಗಳ ನಡುವಿನ ಸಂದು ಅಳೆಯಲು ಅವರು ಹಳೆಯ ಲಗ್ನಪತ್ರಿಕೆಯ ತುಂಡೊಂದನ್ನು ಡಬ್ಬಿಯಲ್ಲಿ ಇಟ್ಟಿದ್ದರು. ಪತ್ರಿಕೆ ಬಿಗಿಯಾಗಿ ಹೋಗಿ ಬಿಗಿಯಾಗಿ ಬರಬೇಕು. ಹಾಗೆಯೇ ಹೋಗಿ ಬಂತು. ಪಾಯಿಂಟಿನಲ್ಲಿ ತಪ್ಪಿಲ್ಲ. ಮತ್ತೆ ಟವಲು, ಮತ್ತೆ ಹಗ್ಗ. ಕಿಡಿ ಇಲ್ಲ.

ಅಷ್ಟು ಹೊತ್ತಿಗೆ ಹೆಂಗಸರು ಇಳಿಜಾರು ಇಳಿದು ಬರತೊಡಗಿದ್ದರು. ತಲೆಯ ಮೇಲೆ ಸಸಿಯ ಕಟ್ಟು, ಸೊಂಟದಲ್ಲಿ ಬುತ್ತಿ, ಸೀರೆಯ ಮೇಲೆ ಗಂಡಸರ ಹಳೇ ಅಂಗಿ.

"ಏನೋ ಪಂಪೇಶಾ, ನಿನ್ನ ಮಿಷನ್ಗೆ ಇನ್ನಾ ಬೆಳಕಾಗಿಲ್ಲೇನು?" ಎಂದಳು ಚೆನ್ನಬಸಮ್ಮ. ಅವಳ ಬಾಯಿಗೆ ಸಿಕ್ಕವರು ಉಳಿದದ್ದಿಲ್ಲ. "ನಮ್ಮನೀ ಗಂಡಸ್ನಂಗ ಆತು. ಕಾಲು ಹಿಡಿದು ಎಳೆದ್ರೂ ಏಳಂಗಿಲ್ಲ."

"ನಿಮ್ಮನೀ ಗಂಡಸ್ಗೆ ಪ್ಲಗ್ ಬದ್ಲಿ ಮಾಡ್ಸು ಚೆನ್ನವ್ವ," ಎಂದಳು ಇನ್ನೊಬ್ಬಳು.

"ಹೋದ ವರ್ಷನ ಮಾಡ್ಸೀನಿ. ಕಾಯಿಲ್ ಹೋಗೈತಂತ."

ಹೆಂಗಸರು ನಕ್ಕರು. ಪಂಪೇಶನೂ ಬಗ್ಗಿದಲ್ಲೇ ನಕ್ಕ. ಎರ್ರೆಪ್ಪ ನಗಲಿಲ್ಲ. ಸ್ವಲ್ಪ ದೂರದಲ್ಲಿ ಜಂಬುನಾಥ ತನ್ನ ಬಿಳಿ ದೋಣಿಯ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. "ಅವಸರ ಏನಿಲ್ರಿ, ಎಂಟು ಆಗ್ಲಿ," ಎಂದು ಯಾರೂ ಕೇಳದಿದ್ದರೂ ಹೇಳಿದ.

"ಚೆನ್ನವ್ವ ಅಂದದ್ದು ಖರೆ," ಎಂದ ಎರ್ರೆಪ್ಪ ಮೆಲ್ಲಗೆ. "ಕಿಡಿಗೆ ಕರೆಂಟ್ ಕೊಡೋ ಕಾಯಿಲ್ಲೇ ಹೋಗೈತಿ. ಕಂಪ್ಲಿಗೆ ಹೋಗು. ಬಸ್ ಸ್ಟ್ಯಾಂಡ್ ಬಾಜೂಕ ವೈಂಡಿಂಗ್ ಅಂಗಡಿ ಐತೆಲ್ಲ, ಅಲ್ಲಿ ಸಿಗ್ತೈತಿ. ಜಲ್ದಿ ಹೋಗಿ ಬಾ."

"ಎಂಟಕ್ಕ ಮುಂಚೆ ಹೆಂಗ ಬರ್ತೀನಿ ಮಾವ?"

"ಸಂಗವ್ವಗ ನಾ ಹೇಳ್ತೀನಿ. ನನ್ನ ಮಾತು ತೆಗೆದುಹಾಕಂಗಿಲ್ಲ ಆಕಿ. ನೀ ಹೋಗು."

ಪಂಪೇಶ ದಂಡೆ ಹತ್ತಿ ಬೈಕಿನ ಹತ್ತಿರ ಹೋದ. ಕೀಲಿ ತಿರುಗಿಸುವ ಮೊದಲು, ಹಳೇ ಕಾಯಿಲ್ ಏನಾದರೂ ಇದ್ದರೆ ಅದೇ ಸಾಕೆಂದು ಪಕ್ಕೀರಪ್ಪನಿಗೆ ಫೋನ್ ಹಚ್ಚಿದ. ಪಕ್ಕೀರಪ್ಪ ಬಲೆ ಎಳೆಯುತ್ತಿದ್ದನೆಂದು ತೋರುತ್ತದೆ, ಏದುಸಿರಿನಲ್ಲೇ ಮಾತಾಡಿದ.

"ಕಾಯಿಲ್ ಒಮ್ಮಿಗೇ ಸಾಯಂಗಿಲ್ಲೋ ತಮ್ಮಾ. ಬಿಸಿ ಆದಾಗ ಕೈ ಕೊಡ್ತೈತಿ, ತಣ್ಣಗಾದ್ರ ಹತ್ತತೈತಿ. ಹಿಂಗ ಸತಾಯ್ಸಿ ಸತಾಯ್ಸಿ ಸಾಯ್ತೈತಿ. ನಿನ್ನೆ ಹೆಂಗಿತ್ತು?"

"ಮಸ್ತ್ ಇತ್ತು. ಎರಡ್ನೇದಕ್ಕ ಹತ್ತಿತ್ತು."

"ಹಂಗಾದ್ರ ಕಾಯಿಲ್ ಅಲ್ಲ. ಎಲ್ಲೋ ತಂತಿ ಮೈಗೆ ಹತ್ತೈತಿ. ಸ್ಟಾಪ್ ವೈರ್ ನೋಡಿದೇನು?"

"ಮಾವ ನೋಡ್ಯಾನ."

"ನೀ ನೋಡಿದೇನು?"

ಪಂಪೇಶ ಕರೆ ಕಡಿದ. ಫೋನನ್ನು ಜೇಬಿಗೆ ಹಾಕಿಕೊಂಡು ದಂಡೆ ಇಳಿದ.

ಅವನು ವಾಪಸು ಬರುವುದನ್ನು ಕಂಡು ಎರ್ರೆಪ್ಪ ಎದ್ದು ನಿಂತ. "ಯಾಕಲೇ, ಹೋಗ್ಲಿಲ್ಲ?"

ಪಂಪೇಶ ದೋಣಿಗೆ ಹತ್ತಿ, ತೋಳು ಮಡಚಿ, ಕಾರ್ಬುರೇಟರಿನ ಹಿಂದೆ ಕೈ ತೂರಿಸಿದ. ದಪ್ಪ ಕೈ. ಮೊಣಕೈ ತನಕ ತರಚಿಕೊಂಡೇ ಹೋಯಿತು. ಬೆರಳಿಗೆ ಮೊದಲು ಪೆಟ್ರೋಲ್ ಪೈಪು ಸಿಕ್ಕಿತು, ಆಮೇಲೆ ತಂತಿ. ತಂತಿಯನ್ನೇ ಹಿಡಿದು ಮುಂದೆ ಹೋದ. ಒಂದು ಕಡೆ ರಬ್ಬರು ಮುಗಿದು ನುಣ್ಣನೆಯ ತಾಮ್ರ ಸಿಕ್ಕಿತು. ತಾಮ್ರ ಒಂದು ಬೋಲ್ಟಿಗೆ ಅಂಟಿಕೊಂಡಿತ್ತು. ಅದರ ಮೇಲೆ ನೂಲಿನ ಸುತ್ತುಗಳು. ಸ್ವಲ್ಪ ಜಿಗುಟು. ಸುತ್ತುಗಳು ಮುಗಿದಲ್ಲಿ ಗಂಟು.

ಅವನ ಹೆಬ್ಬೆರಳು ಗಂಟಿನ ಬಾಲವನ್ನು ಹುಡುಕಿತು. ಬಾಲ ಹೊರಗೆ ಇರಲಿಲ್ಲ.

ಕೈ ಅಲ್ಲೇ ನಿಂತಿತು. ತಂತಿಯನ್ನು ಬೋಲ್ಟಿಗೆ ಸುಮ್ಮನೆ ತಾಗಿಸಿ ಬಿಟ್ಟಿದ್ದರೆ ಎಂಜಿನ್ನಿನ ಅದುರುವಿಕೆಗೆ ರಬ್ಬರು ಸವೆದು ಹಾಗಾಗಿದೆ ಎಂದು ಅವನು ತಿಳಿಯುತ್ತಿದ್ದ. ಯಾರ ಮೇಲೂ ಸಂಶಯ ಬರುತ್ತಿರಲಿಲ್ಲ. ಈಗ ಕಣ್ಣಿಗೆ ಕಾಣದಿದ್ದರೂ ಅವನಿಗೆ ಎಲ್ಲ ಗೊತ್ತಾಗಿತ್ತು. ಆದರೂ ಆ ಗಂಟನ್ನು ಹೊರಗೆ ಎಳೆಯಲು ಕೈ ಬರಲಿಲ್ಲ.

"ಪಂಪೇಶಾ," ದಂಡೆಯಿಂದ ಸಂಗಮ್ಮನ ದನಿ ಬಂತು. ಅವಳ ಅಂಗೈಯಲ್ಲಿ ಕಲೆಸಿದ ಅರಿಸಿನವಿತ್ತು. "ಎಂಟು ಆತು. ಆಗ್ತೈತೋ ಇಲ್ಲೋ, ಒಂದು ಮಾತು ಹೇಳು. ಎರಡು ನಿಮಿಷ ಅಂದ್ರ ನಿಲ್ತೀನಿ."

ಎರಡು ನಿಮಿಷ ಎಂದಿದ್ದರೆ ಸಾಕಿತ್ತು. ಡಬ್ಬಿಯಲ್ಲಿ ಬ್ಲೇಡ್ ಇತ್ತು. ಆದರೆ ಪಂಪೇಶ ಅವಳ ಕಡೆ ತಿರುಗಲಿಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು ಎರ್ರೆಪ್ಪನ ಮುಖ ನೋಡಿದ.

"ಮಾವ, ಸ್ಟಾಪ್ ವೈರ್ ನೋಡಿದೇನು?"

ಎರ್ರೆಪ್ಪ ಅವನ ತೋಳನ್ನು ನೋಡಿದ. ಅದು ಎಲ್ಲಿಯವರೆಗೆ ಒಳಗೆ ಹೋಗಿದೆ ಎಂಬುದನ್ನು ನೋಡಿದ. "ಆಗ್ಲೇ ಅಂದ್ನೆಲ್ಲ. ನೋಡೀನಿ."

"ಇನ್ನೊಮ್ಮೆ ಹೇಳು."

"ನೋಡೀನಿ. ಛಲೋ ಐತಿ."

ಸಂಗಮ್ಮ ಅಷ್ಟು ಹೊತ್ತೂ ಕಾದಳು. ಉತ್ತರ ಬರದಿದ್ದಾಗ ಸೆರಗು ಸಿಕ್ಕಿಸಿಕೊಂಡು ಬಿಳಿ ದೋಣಿಯ ಕಡೆ ನಡೆದಳು. ಅದರ ಮೂತಿಗೆ ಅರಿಸಿನ ಹಚ್ಚಿ, ಹೊಳೆಗೆ ಕೈ ಮುಗಿದು, ಬಲಗಾಲು ಇಟ್ಟಳು. ಅವಳ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಹತ್ತಿದರು. ಚೆನ್ನಬಸಮ್ಮ ಕೊನೆಯವಳು. ಅವಳು ತಿರುಗಿ ಪಂಪೇಶನ ದೋಣಿ ನೋಡಿ ಹತ್ತಿದಳು. ಜಂಬುನಾಥನ ಮೋಟರ್ ಮೊದಲ ಎಳೆತಕ್ಕೇ ಹತ್ತಿಕೊಂಡಿತು.

ಪಂಪೇಶ ಡಬ್ಬಿಯಿಂದ ಬ್ಲೇಡ್ ತೆಗೆದು ಒಳಗೆ ಹಿಡಿದು, ನೂಲು ಕೊಯ್ದು, ತಂತಿಯನ್ನು ಬೋಲ್ಟಿನಿಂದ ಬಿಡಿಸಿದ. ಬರಿದಾದ ತಾಮ್ರಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ. ಪ್ಲಗ್ ಹಾಕಿದ. ಹಗ್ಗ ಎಳೆದ. ಎರಡನೇ ಎಳೆತಕ್ಕೆ ಮೋಟರ್ ಹತ್ತಿಕೊಂಡು ನೀಲಿ ಹೊಗೆ ಬಿಟ್ಟಿತು. ಹೊಳೆಯ ನಡುವೆ ಹೋಗುತ್ತಿದ್ದ ಹೆಂಗಸರೆಲ್ಲ ಆ ಸದ್ದಿಗೆ ತಿರುಗಿ ನೋಡಿದರು. ಸಂಗಮ್ಮ ತಿರುಗಲಿಲ್ಲ. ತಿರುಗಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವನು ಕೆಂಪು ಬಟನ್ ಒತ್ತಿದ. ಮೋಟರ್ ನಿಂತಿತು. ಕೊಯ್ದ ನೂಲು ಅವನ ಅಂಗೈಯಲ್ಲಿತ್ತು, ಗಂಟು ಗಂಟಾಗಿಯೇ ಉಳಿದಿತ್ತು. ಅದನ್ನು ಇಬ್ಬರ ನಡುವಿನ ಹಲಗೆಯ ಮೇಲೆ ಇಟ್ಟ.

"ಗಂಟು ಯಾಕ ಹಾಕಿದಿ?"

ಎರ್ರೆಪ್ಪ ಅದನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೇರೆಯವರ ಕೆಲಸ ಪರೀಕ್ಷೆ ಮಾಡುವವನ ಹಾಗೆ. "ಬಿಚ್ಚಿ ಹೋಗಬಾರ್ದಂತ," ಎಂದ.

"ರಾತ್ರಿ ನಿನಗ ರೊಟ್ಟಿ ತಂದುಕೊಟ್ಟೆ. ಉಂಡ ಮ್ಯಾಲ ಮಾಡಿದ್ಯೋ, ಉಣ್ಣೋ ಮುಂಚೇನೋ?"

"ಉಂಡ ಮ್ಯಾಲ."

ಪಂಪೇಶ ನೀರಿನ ಕಡೆ ನೋಡಿದ. ಜಂಬುನಾಥನ ದೋಣಿ ಗಡ್ಡೆಯ ಹತ್ತಿರ ಹೋಗಿತ್ತು. ಅದು ಎಡಕ್ಕೆ ಬಳಸಿ ಹೋಗುತ್ತಿತ್ತು. ಬಲಗಡೆ ನೀರಿನ ಒಂದಡಿ ಕೆಳಗೆ ಬಂಡೆ ಇದೆ.

"ಯಾಕ ಮಾವ?"

"ಹೋದ ವರ್ಷ ದೋಣಿ ನಡೆಸೋ ಹ್ಯಾಂಡಲ್ ನನ್ನ ಕೈಯಿಂದ ಕಸಗೊಂಡಿ," ಎಂದ ಎರ್ರೆಪ್ಪ. "ಇದೇ ಹೆಣ್ಮಕ್ಕಳ ಮುಂದ. ಕಣ್ಣು ಕಾಣದವ್ರು ಮೂತ್ಯಾಗ ಕುಂದ್ರಬೇಕು ಅಂದಿ."

ಪಂಪೇಶನಿಗೆ ಆ ದಿನ ನೆನಪಿತ್ತು. ಮಾತು ನೆನಪಿರಲಿಲ್ಲ. "ಬಂಡೆಗೆ ಹೊಡೆದಿದ್ದಿ ಮಾವ. ದೋಣಿ ತುಂಬ ಮಂದಿ ಇದ್ರು. ಒಬ್ರು ಬಿದ್ದಿದ್ರ?"

"ಹೊಡೆದಿದ್ದೆ. ಇಲ್ಲ ಅನ್ನಂಗಿಲ್ಲ. ಅಲ್ಲಿ ಬಂಡೆ ಐತಿ ಅಂತ ನಿನಗ ತೋರ್ಸಿದಾವ ಯಾರು? ನಿನ್ನ ಸೊಂಟಕ್ಕ ಹಗ್ಗ ಕಟ್ಟಿ, ತೆಪ್ಪದಾಗ ಕುಂದ್ರಿಸಿ, ಹುಟ್ಟು ನೀರಿಗೆ ಇಳಿಬಿಟ್ಟು ಒಂದೊಂದು ಬಂಡೆ ಮುಟ್ಟಿಸಿದಾವ ಯಾರು?"

"ಅವತ್ತೇ ಬೈಬೇಕಿತ್ತು. ಮನಿಗೆ ಬಂದು ಕಪಾಳಕ್ಕ ಹೊಡೀಬೇಕಿತ್ತು. ಹೊಡೆಸ್ಕೊಂತಿದ್ದೆ."

"ನೀ ಕೇಳ್ತಿ ಅಂತ ಕಾದೆ. 'ಮಾವ, ಇವತ್ತು ನೀ ಹಿಡಿ' ಅಂತಿ ಅಂತ. ಅನ್ಲಿಲ್ಲ ನೀ." ಎರ್ರೆಪ್ಪ ಗಂಟನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ಜಂಬುನಾಥ ಮನಿಗೆ ಬಂದು ಕೇಳ್ದ. ಹ್ಯಾಂಡಲ್ ನೀವೇ ಹಿಡೀರಿ ಅಂದ. 'ರೀ' ಹಚ್ಚಿ ಮಾತಾಡ್ಸಿದ."

"ತಂತಿ ಕಟ್ಟಂತನೂ ಅವನ ಹೇಳಿದ್ನೇನು?"

"ಇಲ್ಲ. ಅದು ನಂದೇ."

ಜಂಬುನಾಥನೇ ಹೇಳಿಸಿದ್ದ ಎಂದು ಕೇಳಿದ್ದರೆ ಪಂಪೇಶನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಬೈಯಲು ಒಬ್ಬ ಹೊರಗಿನವನು ಸಿಗುತ್ತಿದ್ದ. ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕಿದ. ಲಗ್ನಪತ್ರಿಕೆಯ ತುಂಡನ್ನೂ ಹಾಕಿದ. ಅದು ಅವನದೇ ಲಗ್ನದ ಪತ್ರಿಕೆ. ಕೆಳಗಡೆ ಸುಖಾಗಮನ ಬಯಸುವವರ ಹೆಸರುಗಳಲ್ಲಿ ಎರ್ರೆಪ್ಪನದು ಮೊದಲನೆಯದಾಗಿತ್ತು. ತುಂಡು ಕತ್ತರಿಸಿದ್ದು ಮೇಲಿನ ಭಾಗದಿಂದ, ಆದ್ದರಿಂದ ಆ ಹೆಸರು ಅದರಲ್ಲಿ ಇರಲಿಲ್ಲ.

"ಎರಡನೇ ಸಲ ಕೇಳಿದೆನೆಲ್ಲ," ಎಂದ ಡಬ್ಬಿ ಮುಚ್ಚುತ್ತ. "ಆಗ ಹೇಳಿದ್ರೂ ಸಾಕಿತ್ತು. ಟೇಪ್ ಸುತ್ತಿ, ಸವೆದಿತ್ತು ಅಂತ ಸಂಗವ್ವಗ ಹೇಳ್ತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಗೊತ್ತೈತಿ," ಎಂದ ಎರ್ರೆಪ್ಪ. "ನಿನ್ನ ಕೈ ಅದ್ರ ಮ್ಯಾಲ ಇತ್ತು ಅಂತನೂ ಗೊತ್ತಿತ್ತು."

ಬಿಳಿ ದೋಣಿ ಗಡ್ಡೆಯಲ್ಲಿ ಆಳುಗಳನ್ನು ಇಳಿಸಿ ಖಾಲಿಯಾಗಿ ವಾಪಸು ಬಂತು. ಜಂಬುನಾಥ ದಂಡೆಗೆ ಹತ್ತಿಸದೆ ಸ್ವಲ್ಪ ದೂರದಲ್ಲೇ ಎಂಜಿನ್ನು ನಿಧಾನ ಮಾಡಿ ನಿಲ್ಲಿಸಿಕೊಂಡ. ಇತ್ತ ನೋಡಲಿಲ್ಲ, ಕರೆಯಲೂ ಇಲ್ಲ. ಎರ್ರೆಪ್ಪ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ದೋಣಿಯಿಂದ ಇಳಿದ. ಇಳಿಯುವಾಗ, ಹಲಗೆಯ ಕೆಳಗೆ ಜೋತುಬಿದ್ದಿದ್ದ ಲಂಗರಿನ ಹಗ್ಗವನ್ನು ಎತ್ತಿ ಸುರುಳಿ ಸುತ್ತಿ ಗೂಟಕ್ಕೆ ಸಿಕ್ಕಿಸಿ ಹೋದ. ಪಂಪೇಶ ಅದನ್ನು ಬಿಚ್ಚಿ ನೀರಿಗೆ ಎಸೆಯಬೇಕೆಂದುಕೊಂಡ. ಎಸೆಯಲಿಲ್ಲ.

ನಾಟಿ ಮುಗಿಯುವ ತನಕ ಸಂಗಮ್ಮನ ಆಳುಗಳು ಬಿಳಿ ದೋಣಿಯಲ್ಲೇ ಹೋಗಿಬಂದರು. ಹ್ಯಾಂಡಲ್ ಹಿಡಿದವನು ಎರ್ರೆಪ್ಪ. ಅವನು ಒಂದು ದಿನವೂ ಬಂಡೆಗೆ ತಾಗಿಸಲಿಲ್ಲ.